ಬಣ್ಣ ಬಳಿಯದ ಕಾರು



ಮಿಲಿಂದ ರಾಜ ಮತ್ತು ನಾಗಸೇನ ಭಂತೆಯವರ ರಥದ ಸಂವಾದವನ್ನು ನಮ್ಮ ಬಳಗದಲ್ಲಿ ಹಲವು ಸಲ ಓದಿದ್ದೇವೆ. ರಥದ ಒಂದೊಂದೇ ಭಾಗವನ್ನು ಹೆಸರಿಸಿ ಇದೇ ರಥವೋ ಎಂದು ಭಂತೆಯವರು ಕೇಳುತ್ತಾ ಹೋಗುತ್ತಾರೆ. ಭಾಗಗಳೆಲ್ಲ ಕೂಡಿದಾಗ ನಾವು ಕರೆಯುವ ಹೆಸರೇ ರಥ, ಒಳಗೆಲ್ಲೋ ಅಡಗಿ ಕೂತ ಬೇರೆ ವಸ್ತುವಲ್ಲ ಎಂದು ಕೊನೆಗೆ ರಾಜ ಒಪ್ಪುತ್ತಾನೆ. ನಾವೂ ತಲೆದೂಗಿ ಮನೆಗೆ ಹೋಗುತ್ತೇವೆ. ಆದರೆ ರಥವೇ ಮನೆಯಂಗಳಕ್ಕೆ ಬಂದು ನಿಂತರೆ?

ಬಳಗದ ಹಿರಿಯರೊಬ್ಬರ ಅಂಗಳಕ್ಕೆ ಹಾಗೆ ಬಂದಿದೆ. 1966ರ ಫಿಯೆಟ್ 1100. ಪ್ರೀಮಿಯರ್ ಕಂಪನಿ ಮುಂಬೈಯ ಕುರ್ಲಾದಲ್ಲಿ ತಯಾರಿಸುತ್ತಿದ್ದ, ಮುಂದೆ ಪದ್ಮಿನಿ ಎಂದು ಹೆಸರಾದ ವಂಶದ್ದು. ಗೇರು ಸ್ಟಿಯರಿಂಗ್ ಪಕ್ಕದಲ್ಲಿ. ಹಳ್ಳಿಯೊಂದರ ವೈದ್ಯರು ಹೊಸದಾಗಿ ಕೊಂಡು ಕೊನೆಯವರೆಗೂ ಇಟ್ಟುಕೊಂಡಿದ್ದರಂತೆ. ಅವರು ತೀರಿದ ಮೇಲೆ ಹಲವು ವರ್ಷ ಹುಲ್ಲಿನ ಕೊಟ್ಟಿಗೆಯಲ್ಲಿತ್ತು. ಮೊದಲ ಬೂದು ಬಣ್ಣವೇ ಇದೆ, ಮಾಡಿನ ಮೇಲೆ ಸುಣ್ಣದ ಪುಡಿಯ ಹಾಗೆ ಕೈಗೆ ಹತ್ತುತ್ತದೆ. ಬಾಗಿಲ ಬುಡದಲ್ಲಿ ತುಕ್ಕು. ಚಾಲಕನ ಬಾಗಿಲಿನಲ್ಲಿ ಮೊಣಕೈ ಊರುವ ಜಾಗ ಸವೆದು ನುಣುಪಾಗಿದೆ. ಹಿಂದಿನ ಸೀಟಿನ ರೆಕ್ಸಿನ್ ಹರಿದಿದೆ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಆ ಸೀಟಿನಲ್ಲೇ ಹೆರಿಗೆಯಾದದ್ದೂ ಉಂಟು ಎಂದು ವೈದ್ಯರ ಮನೆಯವರು ಹೇಳಿದರಂತೆ.

ಮಗಳ ಮದುವೆ ಹತ್ತಿರವಿದೆ. ಪುಟ್ಟಿ ಹಚ್ಚಿ, ಕೆಂಪು ಬಣ್ಣ ಹೊಡೆಸಿ, ಸೀಟು ಬದಲಿಸಿ ಮದುಮಗಳನ್ನು ಕೂರಿಸಿ ತರೋಣ ಎಂದು ಮನೆಯವರು. ಸಿಪ್ಪೆ ಎದ್ದ ಕಾರಿನಲ್ಲಿ ಮದುಮಗಳು ಬಂದರೆ ಅಪಶಕುನ ಎಂದೂ ಯಾರೋ ಅಂದರಂತೆ. ಇದ್ದ ಹಾಗೆ ಇಡಬೇಕೆಂದು ಹಿರಿಯರಿಗೆ ಆಸೆ. ಆದರೆ ಅವರನ್ನು ಕಾಡಿದ್ದು ಅಪಶಕುನವಲ್ಲ. “ಎಲ್ಲವೂ ಅನಿತ್ಯ ಎಂದು ದಿನಾ ಓದುವವನು ನಾನು. ಹಳೆಯ ಬಣ್ಣವನ್ನು ಹೀಗೆ ಹಿಡಿದುಕೊಳ್ಳುವುದು ಉಪಾದಾನವಲ್ಲವೇ?” ಎಂದು ಕೇಳಿದರು. ಅಂದು ಸಮಯ ಸಾಲಲಿಲ್ಲ, ಅದಕ್ಕೇ ಇಂದು ಬರೆಯುತ್ತಿದ್ದೇನೆ.

ಹಳೆಯ ಬಣ್ಣವೇ ಆ ಕಾರಿನ ‘ಆತ್ಮ’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಈ ಪ್ರಶ್ನೆ ಒಮ್ಮೆ ಲಂಡನ್ನಿನ ಹೈಕೋರ್ಟಿಗೇ ಹೋಗಿತ್ತು. 1929 ಮತ್ತು 1930ರ ಲೆ ಮಾನ್ ಓಟ ಗೆದ್ದ ಬೆಂಟ್ಲಿ ಕಾರೊಂದಿದೆ, ‘ಓಲ್ಡ್ ನಂಬರ್ ಒನ್’ ಎಂದು ಹೆಸರು. ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದರಲ್ಲಿ ಗೆದ್ದ ಕಾರಿನ ಭಾಗಗಳೇ ಇಲ್ಲ ಎಂದು ಹಿಂದೆ ಸರಿದರು. ಮಾತಿನಲ್ಲಿ ಹುರುಳಿತ್ತು, 1929ರ ಭಾಗಗಳು ಬಹುಮಟ್ಟಿಗೆ ಹೋಗಿದ್ದವು. ಆದರೂ 1990ರಲ್ಲಿ ನ್ಯಾಯಾಧೀಶರು ಅದೇ ಕಾರು ಎಂದು ತೀರ್ಪು ಕೊಟ್ಟರು. ಅದನ್ನು ಎಂದೂ ಒಡೆದು ಮುಗಿಸಿ ಬೇರೆ ಕಾರು ಕಟ್ಟಿರಲಿಲ್ಲ. ಒಂದೊಂದೇ ಭಾಗ ಬದಲಾಗುತ್ತಾ ಸಂತತಿ ಕಡಿಯದೆ ಬಂದಿತ್ತು. ನಾಗಸೇನ ಭಂತೆಯವರು ಆ ನ್ಯಾಯಾಲಯದಲ್ಲಿದ್ದರೆ ನಸುನಗುತ್ತಿದ್ದರೇನೋ.

ಹಾಗಾದರೆ ಬಣ್ಣ ಬದಲಿಸಿದರೂ ಫಿಯೆಟ್ ಅದೇ ಫಿಯೆಟ್. ಅಪ್ಪಟತನ ಕಾಯುವುದಕ್ಕೆ ‘ಅದೇ ಕಾರು’ ಎಂಬುದು ಕಾರಣವಾಗಲಾರದು. ಬೇರೆ ಕಾರಣ ಬೇಕು. ನನಗೆ ಅದು ಸಿಕ್ಕಿದ್ದು ಓಲೆಗರಿಯಲ್ಲಿ.

ಎಂ.ಎ. ಓದುವಾಗ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ನಮಗೆ ಪಾಠವಾಗಿತ್ತು. ಹಳೆಯ ಕಾವ್ಯದ ಪ್ರತಿಯಲ್ಲಿ ಒಂದು ಪದ ಅರ್ಥವಾಗುವುದಿಲ್ಲ, ಛಂದಸ್ಸೂ ಕೆಟ್ಟಿದೆ ಎನ್ನೋಣ. ಸಂಪಾದಕ ತನಗೆ ತೋಚಿದ ಸರಿ ಪದವನ್ನು ಮೂಲದಲ್ಲಿ ಸೇರಿಸಿ ಸುಮ್ಮನಾಗುವಂತಿಲ್ಲ. ತಿದ್ದಿದರೆ ತಿದ್ದಿದ್ದೇನೆಂದು ಗುರುತು ಹಾಕಬೇಕು, ಪ್ರತಿಯಲ್ಲಿದ್ದ ಪಾಠವನ್ನು ಅಡಿಯಲ್ಲಿ ಕೊಡಬೇಕು. ಏನೂ ತಿಳಿಯದ ಲಿಪಿಕಾರ ಕಂಡದ್ದನ್ನು ಕಂಡ ಹಾಗೆ ಗೀಚಿಬಿಡುತ್ತಾನೆ, ಅವನಿಂದ ಅಷ್ಟು ಭಯವಿಲ್ಲ. ಅಲ್ಪಸ್ವಲ್ಪ ಪಂಡಿತನಾದ ಲಿಪಿಕಾರನದೇ ತೊಂದರೆ. ಅವನು ಸದ್ದಿಲ್ಲದೆ ಚೆಂದ ಮಾಡುತ್ತಾನೆ. ಆಮೇಲೆ ಕವಿ ಬರೆದದ್ದು ಯಾವುದು, ಇವನು ತುರುಕಿದ್ದು ಯಾವುದು, ಹೇಳುವವರಿಲ್ಲ.

ಗ್ಯಾರೇಜಿನಲ್ಲಿ ಹಳೆಯ ಬಣ್ಣವನ್ನು ಲೋಹದವರೆಗೆ ಉಜ್ಜಿ ತೆಗೆಯುವುದು ಇಂಥ ಸದ್ದಿಲ್ಲದ ತಿದ್ದುಪಡಿ. ಮತ್ತೆ ಹಿಂದಕ್ಕೆ ಬರಲಾಗದು. ಮೂಲ ಎನ್ನುವುದು ಒಂದೇ ಸಲ ಎಂದು ಹಳೆ ಕಾರಿನವರಲ್ಲಿ ಒಂದು ಮಾತಿದೆ. ಕಾರ್ಖಾನೆಯಲ್ಲಿ ಬಣ್ಣ ಎಷ್ಟು ದಪ್ಪ ಬೀಳುತ್ತಿತ್ತು, ಡಿಕ್ಕಿಯ ಒಳಗೆ ಎಲ್ಲಿಯವರೆಗೆ ಹೊಡೆಯುತ್ತಿದ್ದರು, ಸೀಟಿನ ಹೊಲಿಗೆ ಯಾವ ದಾರದ್ದು ಎನ್ನುವುದಕ್ಕೆ ಕೊನೆಯ ಸಾಕ್ಷಿ ಇಂಥ ಕಾರುಗಳೇ. ನಮ್ಮ ಕಾನೂನೂ ಇದನ್ನು ಗಮನಿಸಿದೆ. 2021ರ ತಿದ್ದುಪಡಿಯ ಪ್ರಕಾರ ಐವತ್ತು ವರ್ಷ ದಾಟಿದ್ದರೆ ಸಾಲದು, ಮೂಲ ರೂಪದಲ್ಲಿದ್ದು ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರದಿದ್ದರೆ ಮಾತ್ರ ಅದು ‘ವಿಂಟೇಜ್’ ವಾಹನ.

ಇದಕ್ಕಿಂತ ದೊಡ್ಡ ಉದಾಹರಣೆ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಇದೆ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ವಿಗ್ರಹ ನಿಲ್ಲಿಸಲು ನಡುವೆ ತೂತು ಕೊರೆದಿದ್ದರು, ಆ ಜಾಗದ ಅಕ್ಷರಗಳು ಹೋಗಿವೆ. ಬೇರೆಡೆಯ ಶಾಸನಗಳಿಂದ ಆ ಪದಗಳು ಏನಿರಬಹುದೆಂದು ವಿದ್ವಾಂಸರು ಊಹಿಸಬಲ್ಲರು. ಹಾಗೆಂದು ತೂತಿಗೆ ಸಿಮೆಂಟು ತುಂಬಿ ಬ್ರಾಹ್ಮಿ ಅಕ್ಷರ ಕೆತ್ತಬೇಕೇ? ನಮ್ಮಲ್ಲಿ ಯಾರೂ ಒಪ್ಪಲಾರರು. ಧಮ್ಮದ ಮಾತು ಕೆತ್ತಿದ್ದ ಕಲ್ಲು, ಮರೆತು ಪೀಠವಾದದ್ದು, ಮತ್ತೆ ಬೆಳಕಿಗೆ ಬಂದದ್ದು, ಈ ಮೂರೂ ಆ ಕಲ್ಲಿನಲ್ಲಿವೆ. ತೂತು ಮುಚ್ಚಿದರೆ ನಡುವಿನದು ಅಳಿಸಿಹೋಗುತ್ತದೆ.

ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ. ಅನಿತ್ಯವನ್ನು ಒಪ್ಪದಿರುವುದು ಹೊಳೆಯುವ ಕೆಂಪು ಬಣ್ಣ. ಆರು ದಶಕ ಕಳೆದೇ ಇಲ್ಲ ಎಂದು ಅದು ಹೇಳುತ್ತದೆ. ಸವೆದ ಬೂದು ಬಣ್ಣ ಕಳೆದದ್ದನ್ನು ಒಪ್ಪಿಕೊಂಡೇ ನಿಂತಿದೆ.

ಹಾಗೆಂದು ಉಪಾದಾನದ ಭಯ ಸುಳ್ಳಲ್ಲ. ಫ್ರಾನ್ಸಿನ ಕೊಟ್ಟಿಗೆಗಳಲ್ಲಿ ದಶಕಗಳಿಂದ ಬಿದ್ದಿದ್ದ ಬೈಯಾನ್ ಕುಟುಂಬದ ಕಾರುಗಳನ್ನು 2015ರಲ್ಲಿ ಪ್ಯಾರಿಸ್ಸಿನಲ್ಲಿ ಹರಾಜು ಹಾಕಿದರು. ಹಳೆಯ ಪತ್ರಿಕೆಗಳ ರಾಶಿಯಡಿ ಸಿಕ್ಕಿದ್ದ ಒಂದು ಫೆರಾರಿ 1.6 ಕೋಟಿ ಯೂರೋಗೂ ಹೆಚ್ಚಿಗೆ ಹೋಯಿತು. ಮೈಮೇಲಿನ ಧೂಳನ್ನೂ ಒರೆಸದೆ ಮಾರಾಟಕ್ಕೆ ಇಟ್ಟಿದ್ದರು. ಧೂಳಿಗೆ ಬೆಲೆ ಬಂದ ಮೇಲೆ ಧೂಳನ್ನು ತಯಾರಿಸುವವರೂ ಹುಟ್ಟುತ್ತಾರೆ. ಹೊಸ ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಿ, ಉಪ್ಪುನೀರು ಹಾಕಿ ತುಕ್ಕು ಬರಿಸಿ ‘ಮುಟ್ಟದ ಕಾರು’ ಎಂದು ತೋರಿಸುವುದು ಮುಸಾವಾದವಲ್ಲದೆ ಮತ್ತೇನು? ಬಾಯಿ ತೆರೆಯದೆಯೂ ಸುಳ್ಳು ಹೇಳಬಹುದು. ಕಾರಿನ ಗೀರಿಗಿಂತ ತನ್ನ ಹೆಸರು ಮುಖ್ಯವಾದವನಿಗೆ ತುಕ್ಕೂ ಒಡವೆಯೇ.

ಇನ್ನು ಬ್ರೇಕು. ಇಲ್ಲಿ ನನಗೆ ಯಾವ ಜಿಜ್ಞಾಸೆಯೂ ಇಲ್ಲ. ಗಟ್ಟಿಯಾದ ರಬ್ಬರ್ ಪೈಪು, ಬಿರಿದ ಟೈರು, ಇವನ್ನು ಅಪ್ಪಟವೆಂದು ಉಳಿಸಿಕೊಂಡು ರಸ್ತೆಗಿಳಿಯುವುದು ಮೊದಲ ಶೀಲಕ್ಕೇ ವಿರುದ್ಧ. ದಾರಿಯಲ್ಲಿ ಶಾಲೆಯ ಮಕ್ಕಳಿರುತ್ತಾರೆ. ಅವನ್ನು ಬದಲಿಸಲೇಬೇಕು. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಒಮ್ಮೆಗೇ ಚಾಲೂ ಮಾಡದೆ, ಹಳೆಯ ಪೆಟ್ರೋಲು ಬಸಿದು, ಸಿಲಿಂಡರಿಗೆ ಎಣ್ಣೆ ಬಿಟ್ಟು ಮೊದಲು ಕೈಯಲ್ಲಿ ತಿರುಗಿಸಿ ನೋಡಬೇಕೆಂದು ಮೆಕ್ಯಾನಿಕ್ ಹೇಳಿದ್ದಾನೆ, ಬುದ್ಧಿವಂತ. ತುಕ್ಕು ಹರಡದಂತೆ ಒಳಗಿನಿಂದ ಮೇಣದ ಲೇಪ ಕೊಡುತ್ತಾರೆ, ಅದೂ ಸರಿ. ಸಾಯುತ್ತಿರುವುದನ್ನು ಸಾಯಲು ಬಿಡುವುದಕ್ಕೆ ಕಾಪಾಡುವುದು ಎನ್ನುವುದಿಲ್ಲ.

ಮದುವೆಯ ಮಾತು ಸುಲಭವಾಗಿ ಬಗೆಹರಿಯಿತು. ಸೇವಂತಿಗೆ ಹಾರಗಳನ್ನು ಹತ್ತಿ ದಾರದಲ್ಲಿ ಕಟ್ಟುತ್ತಾರೆ, ಅಂಟುಪಟ್ಟಿ ಹಚ್ಚುವಂತಿಲ್ಲ, ಬಣ್ಣ ಎದ್ದು ಬರುತ್ತದೆ. ಹರಿದ ಸೀಟಿನ ಮೇಲೆ ಅಜ್ಜಿಯ ಕೌದಿ ಹಾಸುತ್ತಾರಂತೆ. ಅದರಲ್ಲೇ ಮಗು ಹುಟ್ಟಿದ್ದರೆ ಅದಕ್ಕಿಂತ ಶುಭ ಬೇರೆ ಬೇಕೇ ಎಂದು ಮದುಮಗಳೇ ಕೇಳಿದಳಂತೆ.

ತೆಗೆದ ಭಾಗಗಳನ್ನು ಎಸೆಯದೆ ಒಂದು ಪೆಟ್ಟಿಗೆಯಲ್ಲಿ ಚೀಟಿ ಕಟ್ಟಿ ಇಡಲು, ಬದಲಿಸಿದ್ದನ್ನೆಲ್ಲ ತಾರೀಕಿನ ಸಮೇತ ಪುಸ್ತಕದಲ್ಲಿ ಬರೆಯಲು ಹೇಳಿದೆ, ಪಾಠಾಂತರ ಕೊಟ್ಟ ಹಾಗೆ. ಅವರು ಆಗಲೇ ನೋಟ್‌ಬುಕ್ ತಂದಿದ್ದರು. ಮೊದಲ ಪುಟದಲ್ಲಿ ವೈದ್ಯರ ಹೆಸರು, ಅದರ ಕೆಳಗೆ ತಮ್ಮದು. “ಇನ್ನೂ ಜಾಗ ಬಿಡಬೇಕೇ?” ಎಂದರು. ಐದಾರು ಸಾಲು ಬಿಡಿ ಎಂದೆ.