ದ್ರಾಕ್ಷಿಯ ತೋಟದಲ್ಲಿ ಶ್ರಾವಕ

ಶ್ರಾವಕನ ಆಚಾರದಲ್ಲಿ ಮದ್ಯತ್ಯಾಗಕ್ಕೆ ಮೊದಲ ಮೆಟ್ಟಿಲಿನ ಸ್ಥಾನವಿದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಎಂಟು ಮೂಲಗುಣಗಳೆಂದು ಹೇಳಿದರು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಈ ಮೂರರೊಡನೆ ಐದು ಉದುಂಬರ ಫಲಗಳನ್ನು ತ್ಯಾಜ್ಯವೆಂದರು. ಎಣಿಕೆಯ ಕ್ರಮ ಬೇರೆಯಾದರೂ ಮದ್ಯವು ಎರಡೆಡೆಯಲ್ಲಿಯೂ ತ್ಯಾಜ್ಯವೇ ಆಗಿದೆ.

ಹಿಂದಿನ ತಲೆಮಾರಿನ ಶ್ರಾವಕನಿಗೆ ಈ ತ್ಯಾಗದಲ್ಲಿ ಗೊಂದಲವಿರಲಿಲ್ಲ. ಹೆಂಡದಂಗಡಿ ಊರ ಹೊರಗಿತ್ತು. ಅತ್ತ ಹೋಗುವವನು ಎಲ್ಲಿಗೆ ಹೋಗುತ್ತಾನೆಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಇಂದು ಮದ್ಯವು ಬೇರೆ ರೂಪದಲ್ಲಿ, ಬಂಧುಗಳ ಆಹ್ವಾನದ ಜೊತೆಯಲ್ಲಿಯೇ ಬರುತ್ತದೆ. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದಿತು. ನಂದಿಬೆಟ್ಟದ ತಪ್ಪಲಿನಲ್ಲಿ ವೈನ್ ತಯಾರಿಸುವ ತೋಟಗಳು ಪ್ರವಾಸಿಗರನ್ನು ಬರಮಾಡಿಕೊಳ್ಳುತ್ತವೆ. ತೋಟವನ್ನು ಸುತ್ತಿಸಿ, ಮರದ ಪೀಪಾಯಿಗಳನ್ನು ತೋರಿಸಿ, ಕೊನೆಯಲ್ಲಿ ನಾಲ್ಕೈದು ಬಗೆಯ ವೈನ್‌ಗಳ ರುಚಿ ನೋಡಲು ಕೊಡುವುದು ಅಲ್ಲಿನ ರೂಢಿ. ಇಂಥ ಕಡೆಗೆ ಮನೆಮಂದಿಯೆಲ್ಲ ಕೂಡಿ ಹೊರಟಾಗ ವ್ರತಿಯಾದವನ ಕರ್ತವ್ಯವೇನು? ಇದು ಇಂದಿನ ಅನೇಕ ಜೈನ ಕುಟುಂಬಗಳ ಮುಂದಿರುವ ಪ್ರಶ್ನೆ.

ಒಂದು ಸನ್ನಿವೇಶವನ್ನು ಭಾವಿಸಬಹುದು. ತಂದೆ ಮಕ್ಕಳು ಸೇರಿ ನಡೆಸುವ ತೋಟವೊಂದಿದೆ. ಅದರ ಒಡೆಯರು ಹೊಸದಾಗಿ ನೆಂಟಸ್ತನ ಕೂಡಿದ ಬೀಗರಿಗೆ ಬೇಕಾದವರು. ಭಾನುವಾರ ಎಲ್ಲರೂ ಬರಬೇಕೆಂದು ಬೀಗರು ಕರೆಯುತ್ತಾರೆ. ಮನೆಯ ಹಿರಿಯನು ಯೌವನದಲ್ಲಿಯೇ ಮುನಿಗಳ ಸನ್ನಿಧಿಯಲ್ಲಿ ಮದ್ಯತ್ಯಾಗದ ನಿಯಮ ಪಡೆದವನು. ಒಲ್ಲೆನೆಂದರೆ ಹೊಸ ಸಂಬಂಧಕ್ಕೆ ನೋವು. ಹೋದರೆ ನಿಯಮಕ್ಕೆ ಏನಾದೀತೆಂಬ ಅಂಜಿಕೆ. ಅಣ್ಣನ ಮಗನಿಗಾದ ತಮ್ಮನ ಮಗನಿಗಾದರೂ ಇದು ಸಣ್ಣ ಸಂಗತಿ. “ದೊಡ್ಡಪ್ಪ, ಅಲ್ಲಿ ಯಾರೂ ಕುಡಿಯುವುದಿಲ್ಲ. ನಾಲಗೆಗೆ ತಾಗಿಸಿ ಉಗುಳಿಬಿಡುತ್ತಾರೆ. ನುಂಗದ ಮೇಲೆ ವ್ರತಕ್ಕೇನು ಭಂಗ?” ಎಂದು ಅವನು ಕೇಳಬಹುದು.

ಈ ಮಾತನ್ನು ಉಡಾಫೆಯೆಂದು ತಳ್ಳಿಹಾಕುವುದು ಸರಿಯಲ್ಲ. ರುಚಿ ನೋಡುವವರು ಬಟ್ಟಲನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ, ಮೆಲ್ಲನೆ ತಿರುಗಿಸಿ ಮೂಸುತ್ತಾರೆ, ಗುಟುಕನ್ನು ಬಾಯಲ್ಲಿ ಆಡಿಸುತ್ತಾರೆ. ಅನುಭವಿಗಳು ಬಹುಮಟ್ಟಿಗೆ ಅದನ್ನು ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಆದರೆ ಇಲ್ಲಿ ವಿಚಾರಿಸಬೇಕಾದದ್ದು ಬೇರೆಯಿದೆ. ಅಲ್ಲಿಗೆ ಬಾಯಾರಿಕೆ ನೀಗಲು ಯಾರೂ ಹೋಗುವುದಿಲ್ಲ. ರುಚಿಯನ್ನು ಅನುಭವಿಸುವುದೇ ಆ ಕೂಟದ ಏಕೈಕ ಉದ್ದೇಶ. ಆದ್ದರಿಂದ ಉಗುಳಿದವನು ಮದ್ಯವನ್ನು ಬಿಟ್ಟವನಲ್ಲ; ಮದ್ಯದಿಂದ ಏನನ್ನು ಪಡೆಯಲು ಹೋಗಿದ್ದನೋ ಅದನ್ನು ಪೂರ್ಣವಾಗಿ ಪಡೆದು, ಅಮಲನ್ನು ಮಾತ್ರ ಬಿಟ್ಟವನು. ರಸನೇಂದ್ರಿಯದ ಕೆಲಸ ನಾಲಗೆಯಲ್ಲಿಯೇ ಮುಗಿದಿರುತ್ತದೆ. ಅವನಿಗೆಂದು ತಯಾರಾದ, ಅವನಿಗೆಂದು ಸುರಿಯಲ್ಪಟ್ಟ ಪಾನೀಯದ ಹಿಂದಿನ ಹಿಂಸೆಯೂ ಉಗುಳಿದ ಮಾತ್ರಕ್ಕೆ ಇಲ್ಲವಾಗುವುದಿಲ್ಲ.

ಆ ಹಿಂಸೆ ಯಾವುದು? ದ್ರಾಕ್ಷಿಯಲ್ಲಿ ದೋಷವಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಬೆಳೆಯುವ ದ್ರಾಕ್ಷಿಯ ಬಹುಪಾಲು ಹಣ್ಣಾಗಿ, ಒಣದ್ರಾಕ್ಷಿಯಾಗಿ ಶ್ರಾವಕರ ಮನೆಗೂ ಬರುತ್ತದೆ. ಅದೇ ಹಣ್ಣಿನ ರಸ ಹುಳಿತಾಗ ಮಾತ್ರ ವಸ್ತುವಿನ ಸ್ವರೂಪ ಬದಲಾಗುತ್ತದೆ. ರಸ ಕೆಟ್ಟು ರುಚಿ ಬದಲಾದ ಆಹಾರವನ್ನು ಪರಂಪರೆಯು ಚಲಿತರಸವೆಂದು ಕರೆದು ಅಭಕ್ಷ್ಯಗಳಲ್ಲಿ ಎಣಿಸಿದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ರಸದ ಸಕ್ಕರೆಯನ್ನು ಉಂಡು ಮದ್ಯಸಾರವನ್ನೂ ಅಂಗಾರಾಮ್ಲ ಅನಿಲವನ್ನೂ ಹೊರಬಿಡುತ್ತವೆಂದು ವಿಜ್ಞಾನ ಹೇಳುತ್ತದೆ. ಮದ್ಯಸಾರವು ಸಾಮಾನ್ಯವಾಗಿ ನೂರಕ್ಕೆ 12ರಿಂದ 14ರಷ್ಟಾಗುವ ಹೊತ್ತಿಗೆ ಸಕ್ಕರೆ ತೀರಿ, ಆ ಜೀವಿಗಳು ಸತ್ತು ಪೀಪಾಯಿಯ ತಳದಲ್ಲಿ ಗಸಿಯಾಗಿ ನಿಲ್ಲುತ್ತವೆ. ಮದ್ಯವು ರಸದಲ್ಲಿ ಹುಟ್ಟುವ ಅನೇಕ ಜೀವಗಳ ಯೋನಿಯೆಂದು ಅಮೃತಚಂದ್ರರು ಹೇಳಿದ್ದು ಇಲ್ಲಿ ನೆನೆಯತಕ್ಕದ್ದು. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಭಾಗ, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಮೊದಲಾದವನ್ನು ಬಳಸುವ ಪದ್ಧತಿಯೂ ಇದೆ.

“ಇಲ್ಲಿ ಜೇಡಿಮಣ್ಣಿನಿಂದಲೇ ತಿಳಿಗೊಳಿಸಿದ್ದಾರೆ” ಎಂಬ ಉತ್ತರ ಬರಬಹುದು. ಅದು ನಿಜವೂ ಇರಬಹುದು. ಆದರೆ ಆಚಾರ್ಯರು ಹೇಳಿದ ಕಾರಣ ಇನ್ನೊಂದಿದೆ. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ. ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ. ಮರೆತವನು ಅಳುಕಿಲ್ಲದೆ ಹಿಂಸೆಗೆ ಇಳಿಯುತ್ತಾನೆ. ಮದ್ಯತ್ಯಾಗವು ಮಿಕ್ಕ ವ್ರತಗಳಿಗೆ ಕಾವಲಾಗಿರುವುದು ಈ ಕಾರಣದಿಂದ.

ವ್ರತಭಂಗವು ಒಮ್ಮೆಲೇ ಆಗುವುದಿಲ್ಲವೆಂಬುದನ್ನು ಅಮಿತಗತಿ ಆಚಾರ್ಯರು ನಾಲ್ಕು ಹಂತಗಳಲ್ಲಿ ತಿಳಿಸಿದ್ದಾರೆ. ಮನಸ್ಸಿನ ಶುದ್ಧಿ ಕುಂದುವುದು ಅತಿಕ್ರಮ. ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ. ವಿಷಯದಲ್ಲಿ ತೊಡಗುವುದು ಅತಿಚಾರ. ಅದರಲ್ಲಿಯೇ ಅತಿಯಾಗಿ ಆಸಕ್ತನಾಗುವುದು ಅನಾಚಾರ. ಉಗುಳುವ ಪಾತ್ರೆಯನ್ನು ನಂಬಿದವನು ನಾಲ್ಕನೆಯ ಹಂತವೊಂದನ್ನೇ ದೋಷವೆಂದು ಎಣಿಸಿದ್ದಾನೆ. ಬಟ್ಟಲನ್ನು ಕೈಗೆ ತೆಗೆದುಕೊಂಡಾಗಲೇ ಬೇಲಿ ಹಿಂದೆ ಉಳಿದಿತ್ತು.

ತಾನು ಮುಟ್ಟದೆ ಜೊತೆಯಲ್ಲಿ ಕುಳಿತರೆ ಹೇಗೆ ಎಂಬುದು ಮುಂದಿನ ಪ್ರಶ್ನೆ. ಜೈನ ಕರ್ಮಸಿದ್ಧಾಂತವು ಮಾಡಿದ್ದನ್ನು, ಮಾಡಿಸಿದ್ದನ್ನು, ಒಪ್ಪಿ ಸಂತೋಷಪಟ್ಟದ್ದನ್ನು, ಅಂದರೆ ಕೃತ, ಕಾರಿತ, ಅನುಮೋದನೆಗಳನ್ನು, ಮನಸ್ಸು ಮಾತು ಕಾಯಗಳ ಮೂಲಕ ಬೇರೆಬೇರೆಯಾಗಿ ತೂಗುತ್ತದೆ. ಈ ತಕ್ಕಡಿಯನ್ನು ಹಿಡಿದರೆ ದಾರಿ ಕಾಣುತ್ತದೆ. ಬಳ್ಳಿಗಳ ನಡುವೆ ನಡೆದು, ಚಾಟನಿ ಮಾಡುವ ಕಾಲ, ಗೊಂಚಲು ಮಾಗುವ ಬಗೆ, ಬೇಸಾಯಗಾರನ ಕಷ್ಟಸುಖಗಳನ್ನು ಕೇಳುವುದರಲ್ಲಿ ದೋಷವಿಲ್ಲ. ಮನೆಯವರ ಆದರಕ್ಕೆ ಕೃತಜ್ಞತೆ ಹೇಳುವುದು ಶಿಷ್ಟಾಚಾರ. ಪಾನೀಯವನ್ನು ಹೊಗಳುವುದು, ಎರಡು ಬಟ್ಟಲುಗಳಲ್ಲಿ ಯಾವುದರ ಬಣ್ಣ ಚೆನ್ನೆಂದು ತೀರ್ಪು ಕೊಡುವುದು ಅನುಮೋದನೆ. ಹಿರಿಯನೇ ಎಲ್ಲರ ಹಣ ತೆರಬೇಕೆಂಬ ನಮ್ಮ ಮನೆಗಳ ರೂಢಿಯೂ ಇಲ್ಲಿ ತೊಡಕಿನದೇ. ಊಟದ ಹಣವನ್ನು ಅವನು ಸಂತೋಷದಿಂದ ಕೊಡಲಿ. ಮದ್ಯದ ಹಣವನ್ನು ಕೊಟ್ಟರೆ ಅದು ಕಾರಿತವಾಗುತ್ತದೆ. ಆದರೆ ಕುಡಿದವರು ವಾಹನ ನಡೆಸದಂತೆ ತಡೆದು, ತಾನೇ ನಡೆಸಿ ಎಲ್ಲರನ್ನೂ ಮನೆ ಮುಟ್ಟಿಸುವುದು ಕಾರಿತವಲ್ಲ. ಅವರ ಪ್ರಾಣಕ್ಕೂ ದಾರಿಹೋಕರ ಪ್ರಾಣಕ್ಕೂ ಕೊಟ್ಟ ಅಭಯ ಅದು. ಅದನ್ನು ವ್ರತದ ಹೆಸರಿನಲ್ಲಿ ನಿರಾಕರಿಸುವವನು ವ್ರತದ ಮೂಲವಾದ ಅಹಿಂಸೆಯನ್ನೇ ಮರೆತವನು.

ಇಷ್ಟೆಲ್ಲ ಎಚ್ಚರವಹಿಸಿದ ಶ್ರಾವಕನಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ಮೇಜಿನ ಸುತ್ತ ಹತ್ತು ಮಂದಿ ಬಟ್ಟಲು ಹಿಡಿದಿರುವಾಗ ತಾನೊಬ್ಬನೇ ಶುದ್ಧನೆಂಬ ಭಾವ ಮೆಲ್ಲಗೆ ಏಳುತ್ತದೆ. ಸಮಂತಭದ್ರರು ಎಣಿಸಿದ ಎಂಟು ಮದಗಳಲ್ಲಿ ತಪಸ್ಸಿನ ಮದವೂ ಸೇರಿದೆ. ಮದ್ಯವನ್ನು ಬಿಟ್ಟು ಮದವನ್ನು ಕುಡಿದು ಬಂದವನಿಗೆ ಲಾಭವೇನು? ಸಮ್ಯಗ್ದರ್ಶನದ ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳು ಒಂದರ ಪಕ್ಕದಲ್ಲೊಂದು ಇವೆ. ಬಂಧುವಿನ ದೋಷವನ್ನು ಮರುದಿನ ಬಸದಿಯ ಅಂಗಳದಲ್ಲಿ ಸಾರದಿರುವುದು ಉಪಗೂಹನ. ಸಮಯ ನೋಡಿ, ಒಬ್ಬನೇ ಇರುವಾಗ, ಕಿವಿಮಾತು ಹೇಳುವುದು ಸ್ಥಿತಿಕರಣ. ಹೇಳಿದ ಮೇಲೂ ಕೇಳದವನ ಮೇಲೆ ಪ್ರೀತಿ ತಗ್ಗದಿರುವುದು ವಾತ್ಸಲ್ಯ. ಉಗುಳಿದರೆ ಸಾಲದೇ ಎಂದು ಕೇಳಿದ ಹುಡುಗನಿಗೆ ಮುಖ ಸಿಂಡರಿಸಿ ಉತ್ತರಿಸಿದರೆ ಅವನು ಮತ್ತೆ ಕೇಳಲಾರ. ಕೇಳುವುದನ್ನು ಬಿಟ್ಟ ಮಗನಿಗೆ ವ್ರತವು ಹಿರಿಯರ ಹಟವಾಗಿ ಮಾತ್ರ ಉಳಿಯುತ್ತದೆ. ಒಂದು ಮನೆತನದಲ್ಲಿ ವ್ರತದ ಪರಂಪರೆ ಕಡಿದುಹೋಗುವುದು ಬಹುಮಟ್ಟಿಗೆ ಹೀಗೆಯೇ.

ಆದುದರಿಂದ ಆಹ್ವಾನ ಬಂದ ಹೊತ್ತೇ ವ್ರತವನ್ನು ತಿಳಿಸಲು ತಕ್ಕ ಸಮಯ. “ತೋಟ ನೋಡಲು ಬರುತ್ತೇವೆ, ಮದ್ಯದ ಮೇಜಿಗೆ ಕೂರುವುದಿಲ್ಲ, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುತ್ತೇವೆ” ಎಂದು ಮೊದಲೇ ವಿನಯದಿಂದ ಹೇಳಿದರೆ ಬೀಗರಿಗೆ ಅವಮಾನವಾಗುವುದಿಲ್ಲ. ಮೇಜಿನ ಮುಂದೆ ಕುಳಿತ ಮೇಲೆ ಬಟ್ಟಲನ್ನು ದೂಡಿದರೆ ಅದೇ ಮಾತು ಕಟುವಾಗುತ್ತದೆ. ಹೀಗೆ ಹೇಳಿಯೂ ಒತ್ತಾಯ ನಿಲ್ಲದಿದ್ದರೆ ಅಥವಾ ತನ್ನ ಮನಸ್ಸೇ ಅಲ್ಲಿ ಗಟ್ಟಿಯಾಗಿ ನಿಲ್ಲಲಾರದೆಂದು ತಿಳಿದರೆ ಹೋಗದಿರುವುದೇ ಲೇಸು. ಬಸದಿಗಳ ಟ್ರಸ್ಟುಗಳೂ ಯುವಕರ ಶಿಬಿರಗಳಲ್ಲಿ ‘ಕುಡಿಯಬಾರದು’ ಎಂಬ ವಿಧಿಯೊಂದನ್ನೇ ಬೋಧಿಸದೆ, ಇಂಥ ಸನ್ನಿವೇಶಗಳನ್ನು ಮುಂದಿಟ್ಟು ಅವರ ಪ್ರಶ್ನೆಗಳಿಗೆ ತಾಳ್ಮೆಯಿಂದ ಕಿವಿಗೊಡುವುದು ಉಚಿತ. ಕಾರಣ ತಿಳಿದು ಹಿಡಿದ ನಿಯಮವು ಹಿರಿಯರು ಹತ್ತಿರವಿಲ್ಲದ ಊರಿನಲ್ಲಿಯೂ ಅವರ ಜೊತೆಗಿರುತ್ತದೆ.