ಒರೆ

ನಮ್ಮ ಕಾಲದ ಹುಡುಗಿಯರಿಗೆ ಸೇಫ್ಟಿ ಪಿನ್ ಎಂದರೆ ಬರೀ ಸೆರಗು ನಿಲ್ಲಿಸುವ ವಸ್ತುವಾಗಿರಲಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಪಾಠ ಹೇಳಲು ಹೋಗುತ್ತಿದ್ದ ದಿನಗಳಲ್ಲಿ ನನ್ನ ಬಳೆಯಲ್ಲಿ ಯಾವಾಗಲೂ ಎರಡು ಪಿನ್ನುಗಳು ನೇತಾಡುತ್ತಿದ್ದವು. ಹಿಂದಿನಿಂದ ಯಾರಾದರೂ ಬೇಕೆಂದೇ ಒತ್ತಿಕೊಂಡು ನಿಂತರೆ ಒಂದನ್ನು ಸದ್ದಿಲ್ಲದೆ ಬಿಚ್ಚಿ... ಇದನ್ನು ಓದುತ್ತಿರುವ ಅನೇಕರು ಈಗ ಮುಗುಳ್ನಗುತ್ತಿರುತ್ತೀರಿ. ಅಮ್ಮ ಹೇಳಿಕೊಟ್ಟ ಉಪಾಯವನ್ನೇ ನಾನು ನನ್ನ ಮಗಳಿಗೂ ಹೇಳಿಕೊಟ್ಟೆ. ಬಚ್ಚಿಟ್ಟುಕೊಂಡ ಆಯುಧ ಸರಿಯೋ ತಪ್ಪೋ ಎಂಬ ಪ್ರಶ್ನೆ ನಮಗ್ಯಾರಿಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಮಗಳ ಮನೆಗೆಂದು ಅಮೆರಿಕದ ಟೆಕ್ಸಾಸ್‌ಗೆ ಹೋದಾಗ. ಅವಳು ಅಲ್ಲಿಯ ಪ್ರಜೆಯಾಗಿದ್ದಾಳೆ, ಸಣ್ಣದೊಂದು ಔಷಧಿ ಅಂಗಡಿ ನಡೆಸುತ್ತಾಳೆ. ನೋವಿನ ಮಾತ್ರೆಗಳಿಗಾಗಿ ಔಷಧಿ ಅಂಗಡಿಗಳನ್ನು ದೋಚುವುದು ಆ ದೇಶದಲ್ಲಿ ಹೊಸದೇನಲ್ಲ. ಒಂದು ರಾತ್ರಿ ಬಾಗಿಲು ಹಾಕಿ ಬರುವಾಗ ಅವಳ ಕಾರಿನ ಪಕ್ಕದಲ್ಲಿ ಇಬ್ಬರು ಕಾದು ನಿಂತಿದ್ದರಂತೆ. ಅಷ್ಟರಲ್ಲಿ ಇನ್ನೊಂದು ಕಾರು ಬಂದದ್ದರಿಂದ ಏನೂ ಆಗಲಿಲ್ಲ. ಫೋನಿನಲ್ಲಿ ಇದನ್ನು ನನಗೆ ಹೇಳಿರಲೇ ಇಲ್ಲ. ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಹೇಳಿದಳು: "ಅಮ್ಮಾ, ಒಂದು ಪಿಸ್ತೂಲು ತಗೊಂಡಿದೀನಿ. ತರಬೇತಿನೂ ಆಯ್ತು. ಶನಿವಾರ ಅದಕ್ಕೊಂದು ಹೋಲ್‌ಸ್ಟರ್ ನೋಡ್ಬೇಕು. ನೀನೂ ಬಾ."

ಸೌಟು ಹಿಡಿದವಳು ಹಾಗೇ ನಿಂತೆ. ನನ್ನ ಮುಖ ನೋಡಿ ಅವಳೇ ಅಲ್ಲಿಯ ಕಥೆಯೊಂದನ್ನು ಹೇಳಿದಳು. 1991ರ ಅಕ್ಟೋಬರ್ 16ರಂದು ಟೆಕ್ಸಾಸ್‌ನ ಕಿಲೀನ್ ಎಂಬ ಊರಿನ ಹೋಟೆಲಿಗೆ ನುಗ್ಗಿದವನೊಬ್ಬ 23 ಜನರನ್ನು ಕೊಂದ. ಸುಜಾನಾ ಹಪ್ ಎಂಬಾಕೆ ತಂದೆತಾಯಿಯ ಜೊತೆ ಅಲ್ಲಿ ಊಟಕ್ಕೆ ಕೂತಿದ್ದಳು. ಅವಳ ಹತ್ತಿರ ರಿವಾಲ್ವರ್ ಇತ್ತು, ಆದರೆ ಆಗಿನ ಕಾನೂನಿಗೆ ಹೆದರಿ ಕಾರಿನಲ್ಲೇ ಬಿಟ್ಟು ಬಂದಿದ್ದಳು. ತಂದೆತಾಯಿ ಇಬ್ಬರೂ ಹೋದರು. ಆಕೆ ಮುಂದೆ ಶಾಸಕರೆದುರು ನಿಂತು ಸಾಕ್ಷಿ ಹೇಳಿದಳು. 1995ರಲ್ಲಿ, ಪರವಾನಗಿ ಪಡೆದವರು ಆಯುಧವನ್ನು ಮರೆಮಾಡಿ ಒಯ್ಯಬಹುದೆಂಬ ಕಾನೂನು ಬಂತು. 2021ರ ಸೆಪ್ಟೆಂಬರಿನಿಂದ 21 ವರ್ಷ ತುಂಬಿದ ಬಹುಪಾಲು ಜನರಿಗೆ ಆ ಪರವಾನಗಿಯೂ ಬೇಕಿಲ್ಲ.

"ಕಾರಿನ ಪಕ್ಕ ನಿಂತಿದ್ದ ಆ ಇಬ್ಬರಿಗೂ ಅದೇ ಕಾನೂನು ತಾನೇ?" ಎಂದೆ. ಅವಳು ಉತ್ತರ ಹೇಳಲಿಲ್ಲ. ನಾನೂ ಶನಿವಾರ ಅವಳ ಜೊತೆ ಹೊರಟೆ.

ಅಂಗಡಿಯಲ್ಲಿದ್ದವಳು ನನ್ನ ವಯಸ್ಸಿನ ಹೆಂಗಸು. ನಮ್ಮೂರಿನ ಬಳೆಗಾರ್ತಿ ಕೈ ಹಿಡಿದು ಅಳತೆ ನೋಡುವಂತೆ ಅವಳು ಮಗಳ ಸೊಂಟ ನೋಡಿದಳು. ಸೊಂಟಪಟ್ಟಿಯ ಒಳಗೆ ಸಿಕ್ಕಿಸುವುದು, ಹೊರಗೆ ಸಿಕ್ಕಿಸುವುದು ಎಂದು ಎರಡು ಬಗೆಯಂತೆ. ಒಳಗಿನದು ಚೆನ್ನಾಗಿ ಮರೆಯಾಗುತ್ತದೆ, ಆದರೆ ಇಡೀ ದಿನ ಮೈಗೆ ಒತ್ತುತ್ತದೆ. ಹೊರಗಿನದು ಹಾಯಾಗಿರುತ್ತದೆ, ಆದರೆ ಉಬ್ಬಿ ಕಾಣುತ್ತದೆ. ಆದ್ದರಿಂದ ತೆಳುವಾದದ್ದೇ ಬೇಕು. ಎರಡು ಪಕ್ಕಕ್ಕೂ ಬೆಲ್ಟ್ ತೂರಿಸುವ ಸೀಳಿದ್ದರೆ ಅದು ಪಿಸ್ತೂಲನ್ನು ಮೈಗೆ ಎಳೆದು ಹಿಡಿಯುತ್ತದೆ. ನೀಲಿ ಪ್ಲಾಸ್ಟಿಕ್ಕಿನ ನಕಲಿ ಪಿಸ್ತೂಲು ಸಿಕ್ಕಿಸಿ ಮಗಳನ್ನು ಕೂರಿಸಿದಳು, ಬಗ್ಗಿಸಿದಳು, ಕೈ ಮೇಲೆತ್ತಿಸಿದಳು. ಗಂಡಸರ ಮೈಗೆಂದು ಮಾಡಿದ್ದರಲ್ಲಿ ಹಿಡಿ ಹೆಂಗಸರ ಪಕ್ಕೆಗೆ ಚುಚ್ಚುತ್ತದಂತೆ. ಮಗಳು ತೊಟ್ಟಿದ್ದು ನಾನೇ ಒಯ್ದಿದ್ದ ಉದ್ದನೆಯ ಕುರ್ತಾ. ಅದರ ಪಕ್ಕದ ಸೀಳಿನಲ್ಲಿ ಎಲ್ಲಿ ಇಣುಕುತ್ತದೋ ಎಂದು ಇಬ್ಬರೂ ಬಗ್ಗಿ ನೋಡುತ್ತಿದ್ದರು. ಕೊನೆಗೆ "ಇನ್ನೂ ಸ್ವಲ್ಪ ಮೇಲೆ ಬರ್ಲಿ" ಎಂದವಳು ನಾನೇ!

"ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡರಾಗದೇ?" ಎಂದು ಕೇಳಿದೆ. ಆ ಹೆಂಗಸು ತಲೆಯಾಡಿಸಿದಳು. 2014ರ ಡಿಸೆಂಬರಿನಲ್ಲಿ ಐಡಹೊ ರಾಜ್ಯದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಬ್ಯಾಗಿಗೆ ಕೈ ಹಾಕಿ, ಅದರಲ್ಲಿದ್ದ ಪಿಸ್ತೂಲು ಸಿಡಿದು, ತಾಯಿ ಅಲ್ಲೇ ಸತ್ತಳು. ಅದೂ ಪಿಸ್ತೂಲಿಗೆಂದೇ ಬೇರೆ ಜಿಪ್ ಇರುವ ಬ್ಯಾಗು.

ಆಮೇಲೆ ಅವಳು ಎರಡು ಒರೆಗಳನ್ನು ಪಕ್ಕಪಕ್ಕ ಇಟ್ಟಳು. ಒಂದು ಮೆತ್ತನೆಯ ಚರ್ಮದ್ದು, ನೋಡಲು ಚೆಂದ. ಆದರೆ ಪಿಸ್ತೂಲು ಹೊರಬಂದೊಡನೆ ಅದರ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅಚ್ಚಿಗೆ ಒತ್ತಿ ಮಾಡಿದ್ದು. ಅದು ಟ್ರಿಗರನ್ನು ಪೂರ್ತಿ ಮುಚ್ಚುತ್ತಿತ್ತು, ಖಾಲಿಯಾದಾಗಲೂ ಬಾಯಿ ತೆರೆದೇ ಇರುತ್ತಿತ್ತು. ಪಿಸ್ತೂಲನ್ನು ಮರಳಿ ಒರೆಗೆ ಇಡುವಾಗ ಅಂಗಿಯ ಅಂಚು ಸಿಕ್ಕಿ ಗುಂಡು ಹಾರಿದ್ದುಂಟಂತೆ. "ತೆಗೆಯೋದಕ್ಕೆ ಅವಸರ ಇರಬಹುದು. ಹಿಂದಕ್ಕೆ ಇಡೋದಕ್ಕೆ ಯಾವ ಅವಸರವೂ ಇಲ್ಲ. ನೋಡಿಕೊಂಡು ನಿಧಾನವಾಗಿ ಇಡು," ಎಂದಳು.

ಮಗಳು ಎರಡನೆಯದನ್ನು ಕೊಂಡಳು. ನನಗೆ ಮಾತ್ರ ಆ ಮಾತು ತಲೆಯಲ್ಲಿ ಉಳಿಯಿತು. ಪಿನ್ನು ಚುಚ್ಚಿದರೆ ಹಿಂದಕ್ಕೆ ತೆಗೆಯಬಹುದು. ತಪ್ಪಿ ಬೇರೆಯವರಿಗೆ ಚುಚ್ಚಿದರೆ "ಅಯ್ಯೋ, ಕ್ಷಮಿಸಿ" ಎನ್ನಬಹುದು. ಒಮ್ಮೆ ಪಾಪ, ಮುದುಕರೊಬ್ಬರಿಗೆ ನಾನು ಹಾಗೇ ಚುಚ್ಚಿದ್ದೆ. ಬಸ್ಸು ತಿರುಗಿದಾಗ ಅವರು ಆಯ ತಪ್ಪಿದ್ದರು, ಅಷ್ಟೇ. ನನ್ನ ಕೈಯಲ್ಲಿದ್ದದ್ದು ಪಿನ್ನಾಗಿರದೆ ಇದ್ದರೆ? ಭಯಕ್ಕೆ ಎಲ್ಲ ನೆರಳೂ ಒಂದೇ ಥರ ಕಾಣುತ್ತದೆ.

ಬಚ್ಚಿಡುವ ವಿಷಯವೂ ನನ್ನನ್ನು ಕಾಡಿತು. ಕೊಡಗಿನ ಸಹೋದ್ಯೋಗಿಯೊಬ್ಬರ ಮನೆಗೆ ಕೈಲ್ ಮುಹೂರ್ತಕ್ಕೆ ಹೋಗಿದ್ದೆ. ಕೋವಿಯನ್ನು ನಡುಮನೆಯಲ್ಲಿಟ್ಟು, ತೋಕ್‌ಪೂ ಎಂಬ ಕೆಂಪು ಹಳದಿ ಹೂ ಏರಿಸಿ ಪೂಜೆ ಮಾಡಿದ್ದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿದರು. ಅಲ್ಲಿ ಕೋವಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಮನೆಯಲ್ಲಿ ಕೋವಿಯಿದೆ ಎಂದು ಊರಿಗೇ ಗೊತ್ತು. ಇವಳದ್ದು ಹಾಗಲ್ಲ. "ಕಂಡರೆ ಜನ ಹೆದರ್ತಾರೆ ಅಮ್ಮ, ಮುಚ್ಚಿಡೋದೇ ಮರ್ಯಾದೆ" ಎನ್ನುತ್ತಾಳೆ. ಇರಬಹುದು. ಆದರೆ ಔಷಧಿ ಕೊಳ್ಳಲು ಬಂದು ಅವಳೊಡನೆ ನಕ್ಕು ಮಾತಾಡುವವರಿಗೆ ತಾವು ಯಾರೆದುರು ನಿಂತಿದ್ದೇವೆಂದು ತಿಳಿಯುವ ಹಕ್ಕಿಲ್ಲವೇ?

ಆ ಸಂಜೆ ಹೇಳಿದೆ: "ಕೋಪ ಬಂದ ದಿನ ಅದನ್ನ ಹಾಕ್ಕೋಬೇಡ್ವೇ."

"ಹಾಕ್ಕೊಂಡ ದಿನ ಕೋಪ ಮಾಡ್ಕೋಬೇಡ ಅಂತ ಕಲಿಸಿದಾರಮ್ಮ. ಯಾರಾದ್ರೂ ಬೈದ್ರೂ ನಾನೇ ಸಾರಿ ಅಂದು ದೂರ ಹೋಗ್ಬೇಕು."

ನನಗೆ ನಗುವೂ ಬಂತು, ದುಃಖವೂ ಆಯಿತು. ಆಯುಧವಿಲ್ಲದ ನಮಗೂ ಇದನ್ನೇ ಹೇಳಿದ್ದರಲ್ಲ! ಬೈಸಿಕೊಂಡು ಸುಮ್ಮನಿರು, ದೂರ ಹೋಗು ಎಂದು. ಮೂರು ತಲೆಮಾರು ದಾಟಿ, ಸಮುದ್ರ ದಾಟಿ, ಪಿಸ್ತೂಲು ಕಟ್ಟಿಕೊಂಡ ಮೇಲೂ ಹೆಂಗಸು ಕಲಿಯಬೇಕಾದ್ದು ಅದೇ ತಾಳ್ಮೆಯೇ? ಆದರೆ ಒಂದು ವ್ಯತ್ಯಾಸವಿದೆ. ನಮ್ಮದು ಕೈಲಾಗದವರ ತಾಳ್ಮೆಯಾಗಿತ್ತು. ಅವಳದು ಕೊಲ್ಲಬಲ್ಲವಳ ತಾಳ್ಮೆ. ಎರಡರಲ್ಲಿ ಯಾವುದು ಹೆಚ್ಚು ಭಾರ ಎಂದು ನಾನು ಹೇಳಲಾರೆ.

ಬೇಡವೆನ್ನುವ ಧೈರ್ಯ ನನಗಾಗಲಿಲ್ಲ. ಕತ್ತಲೆಯಲ್ಲಿ ಕಾರಿನವರೆಗೆ ಒಬ್ಬಳೇ ನಡೆಯುವವಳು ಅವಳು, ನಾನಲ್ಲ. ಸರಿ ಎನ್ನಲೂ ಬಾಯಿ ಬರಲಿಲ್ಲ. ಒರೆ ಗಟ್ಟಿಯಾಗಿರಲಿ, ಅದರ ಬಾಯಿ ಸದಾ ತೆರೆದಿರಲಿ, ತೆಗೆದದ್ದನ್ನು ಗುಂಡು ಹಾರಿಸದೆ ಮರಳಿ ಇಡುವ ಹಾಗಾಗಲಿ ಎಂದಷ್ಟೇ ಬೇಡಿಕೊಂಡೆ.

ಹೊರಡುವ ದಿನ ಅವಳು ಪಿಸ್ತೂಲನ್ನು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ. ಆದರೂ ವಿಮಾನ ನಿಲ್ದಾಣದಲ್ಲಿ ಅವಳನ್ನು ತಬ್ಬಿಕೊಂಡಾಗ ನನ್ನ ಎಡಗೈ ಅವಳ ಬಲಸೊಂಟದ ಹತ್ತಿರ ಹೋಗಿ ತಡೆದು ನಿಂತಿತು. ಅವಳಿಗೆ ಗೊತ್ತಾಯಿತು. ನನ್ನ ಕೈ ಹಿಡಿದು ತಾನೇ ಅಲ್ಲಿ ಇಟ್ಟುಕೊಂಡಳು.