ಮಣ್ಣಾಗ ಮುಚ್ಚಿದ ಬೆಸುಗೆ

ನಮ್ಮ ಜತ್ತ ತಾಲೂಕಿನ ಮಂದಿಗೆ ಪೈಪಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಮ್ಹೈಸಾಳದ ಕೃಷ್ಣಾ ನೀರು ಏರು ಹತ್ತಿ ನಮ್ಮ ಕಡೆ ಬರಬೇಕಂದ್ರ ಪೈಪಿನ ಹೊಟ್ಟಿಯೊಳಗ ಹಾದು ಬರಬೇಕು. ಈಗ ನಮ್ಮ ಹುಡುಗರೂ ಐಟಿಐದಾಗ 1 ವರ್ಷ ವೆಲ್ಡಿಂಗ್ ಕಲಿತು ಪೈಪಲೈನ್ ಕೆಲಸಕ್ಕೆ ಹೋಗಬೇಕಂತಾರ. ಊರಾಗ ಎಲ್ಲಾರೂ ಕೇಳೋದು ಒಂದೇ ಮಾತು: "ಪಗಾರ ಎಷ್ಟು?" ಅದು ಕೇಳಬೇಕಾದ ಮಾತೇ. ಆದರ ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದು ಐತಿ.

ನಾನು ಒಕ್ಕಲುತನದವ, ಹಾಡುವವ. ಹಾಡಿನಾಗ ಸ್ವರ ತಪ್ಪಿದ್ರ ಕುಂತ ಮಂದಿ ಆ ಕ್ಷಣಕ್ಕ ಮುಖ ನೋಡ್ತಾರ. ಬೀಜ ಜೊಳ್ಳಿದ್ರ ಎಂಟು ದಿನದಾಗ ಸಾಲೇ ಹೇಳ್ತದ. ಪೈಪಿನ ಬೆಸುಗೆ ಹಂಗಲ್ಲ. ಮೊದಲ ಪದರ ಹಾಕಿ, ಅದರ ಕಿಟ್ಟ ತಿಕ್ಕಿ ತೆಗೆದು, ಮ್ಯಾಲೆ ಮತ್ತೊಂದು ಪದರ ಹಾಕಬೇಕು. ಕಿಟ್ಟ ಉಳಿದ್ರ, ರಾಡಿಗೆ ಥಂಡಿ ಹಿಡಿದಿದ್ರ, ಒಳಗ ದೋಷ ಉಳೀತದ. ಮ್ಯಾಲಿನ ಪದರ ಮಾತ್ರ ನುಣ್ಣಗ ಹೊಳೀತಿರ್ತದ. ಆಮ್ಯಾಲೆ ಮಣ್ಣು ಮುಚ್ಚತಾರ. ಅದು ಒಡೆಯೋ ಹೊತ್ತಿಗೆ ವರ್ಷ ಕಳೆದಿರ್ತಾವ, ಬೆಸೆದಾವ ಬ್ಯಾರೆ ರಾಜ್ಯದಾಗಿರ್ತಾನ.

"ಎಕ್ಸ್-ರೇ ತೆಗೀತಾರಲ್ಲ, ನೀರು ತುಂಬಿ ಒತ್ತಡ ಕೊಟ್ಟು ನೋಡ್ತಾರಲ್ಲ, ಬೆಸುಗೆಯ ಪಕ್ಕದಾಗ ವೆಲ್ಡರನ ನಂಬರ ಬರೀತಾರಲ್ಲ" ಅಂತ ಮಾಸ್ತರರು ಕೇಳಬಹುದು. ಖರೆ. ಆದರ ಎಲ್ಲ ಕೆಲಸದಾಗ ಎಲ್ಲ ಬೆಸುಗೆಗೂ ಎಕ್ಸ್-ರೇ ಆಗೋದಿಲ್ಲ. ತಪಾಸಣೆ ಇದ್ದಲ್ಲಿ ನಂಬರಿನ ಅಂಜಿಕೆ. ಇಲ್ಲದಲ್ಲಿ ಅವನ ಮನಸ್ಸೇ ತಪಾಸಣೆ.

ಇನ್ನೊಂದು ತೊಡಕು ನೋಡ್ರಿ. "ಸಂಜಿಯೊಳಗ ಇಷ್ಟು ಜಾಯಿಂಟ್ ಮುಗೀಬೇಕು" ಅಂತ ಗುತ್ತಿಗೆದಾರ ಅಂದಾಗ, ಕಿಟ್ಟ ತಿಕ್ಕುತ್ತ ಕುಂತ್ರ ಹುಡುಗನ ಕೂಲಿ ಹೋಗ್ತದ. ಆಗ ಪಾಪ ಯಾರದು? ಅವಸರ ಮಾಡಿದವನದೇ ದೊಡ್ಡ ಪಾಲು, ಸಂಶಯ ಇಲ್ಲ. ಆದರ ರಾಡ್ ಹಿಡಿದ ಕೈ ಹುಡುಗನದು. "ಹೇಳಿದ್ರು, ಮಾಡಿದೆ" ಅಂದ್ರ ಗ್ಯಾಸ್ ಪೈಪಿನ ಪಕ್ಕದ ಮನಿ ಉಳಿಯೋದಿಲ್ಲ.

ಹಂಗಂತ ಎಲ್ಲ ಭಾರ ಇಪ್ಪತ್ತು ವರ್ಷದ ಹುಡುಗನ ಮ್ಯಾಲೆ ಹೊರಿಸೋದು ನ್ಯಾಯ ಅಲ್ಲ. ಅದರಾಗ ನಮ್ಮ ಪಾಲೂ ಐತಿ. "ಕೆಟ್ಟ ಕೆಲಸ ಮಾಡಲಾರೆ" ಅಂದು ಒಬ್ಬಾವ ಬರಿಗೈಲೆ ತಿರುಗಿ ಬಂದ್ರ ನಾವು ಏನಂತೀವಿ? "ಉಣ್ಣೋ ಗಂಗಾಳ ಒದ್ದು ಬಂದ" ಅಂತ ನಗತೀವಿ. ಆ ನಗುವಿಗೆ ಅಂಜಿ ಮುಂದಿನಾವ ಸುಮ್ಮನ ಪೊಳ್ಳು ಮುಚ್ಚತಾನ. ಅವನ ಪಗಾರ ನಂಬಿ ಮೊದಲೇ ಸಾಲ ಮಾಡಿಟ್ರಂತೂ ಅವನ ಬಾಯಿಗೆ ನಾವೇ ಬೆಸುಗೆ ಹಾಕಿದಂಗ.

ಹುಡುಗ್ರು ಹೋಗ್ಲಿ, ಕಲೀಲಿ. ಇದು ಮರ್ಯಾದಿಯ ವಿದ್ಯಾ. ನೀರು ಕುಡಿಯೋ ಊರಿಗೆ ಅವರ ಹೆಸರು ಗೊತ್ತಿರೋದಿಲ್ಲ, ಆದರೂ ನೀರು ಬರ್ತದ. ಕಳಿಸುವಾಗ ಮಾತ್ರ ತಂದಿ-ತಾಯಿ ಇಷ್ಟು ಹೇಳಿ ಕಳಿಸಲಿ: "ಪಗಾರ ಕಡಿಮಿ ಬಂದ್ರೂ ಮನಿ ಬಾಗಿಲ ತೆರೆದಿರ್ತದ. ಕಿಟ್ಟ ತಿಕ್ಕಲಾರದ ಬೆಸೀಬ್ಯಾಡ."